ಅಜ್ಜಿ ಮನೆಯಲ್ಲಿರುವ ಕಾಲ

ಅಪ್ಪಾ,

ನೀವು ತೀರಿಕೊಂಡು ವರ್ಷವಾಯಿತು. ಓದಲಾರಿರಿ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ನನ್ನ ಪ್ರವಾಸ ಕಚೇರಿಗೆ ಬಂದ ದಂಪತಿ, ಅಮ್ಮನ ತವರಿನ ಬೆಟ್ಟಗಳಿಗೆ ಯಾವಾಗ ಹೋದರೆ ಒಳ್ಳೆಯದು ಎಂದು ಕೇಳಿದರು. ನಾನು ನಿಮ್ಮ ಹಾಗೆ ಬೇಸಿಗೆ ಎನ್ನಲಿಲ್ಲ.

"ಹಿಮ ಬೀಳುವಾಗ ಹೋಗಿ. ಬೇಸಿಗೇಲಿ ಊರಿಗೆ ಊರೇ ಕುರಿ ಹೊಡ್ಕೊಂಡು ಮೇಲೆ ಹೋಗಿರುತ್ತೆ. ಬರೀ ಬೀಗ ನೋಡ್ಕೊಂಡು ಬರ್ತೀರ."

"ಚಳಿ ಆಗಲ್ವಾ?"

"ಆಗುತ್ತೆ. ಆದ್ರೆ ಜನ ಸಿಗ್ತಾರೆ."

ಪ್ರತಿ ಬೇಸಿಗೆ ನಮ್ಮನ್ನು ಅಜ್ಜಿ ಮನೆಯ ಬೀಗದ ಮುಂದೆ ನಿಲ್ಲಿಸಿ ಫೋಟೊ ತೆಗೆದಿರಿ. ಹೇಳದೆ ಕೇಳದೆ ಅಮ್ಮನನ್ನು ಮದುವೆಯಾಗಿ ಕರೆತಂದ ಮೇಲೆ ಅಜ್ಜಿಗೆ ಮುಖ ಕೊಡುವ ಧೈರ್ಯ ನಿಮಗಿರಲಿಲ್ಲ, ಅಷ್ಟೇ.

ಅಜ್ಜಿ ಈಗಿಲ್ಲ. ಆದರೂ ಮುಂದಿನ ವಾರ, ಮೊಣಕಾಲುದ್ದದ ಹಿಮದಲ್ಲೇ, ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಅಲ್ಲಿನ ಚಳಿಗೆಂದೇ ನೀವು ಕೊಂಡು, ಒಮ್ಮೆಯೂ ತೊಡದೆ ಪೆಟ್ಟಿಗೆಯಲ್ಲಿಟ್ಟ ಉಣ್ಣೆಯ ಕೋಟನ್ನು ನಾನೇ ಹಾಕಿಕೊಳ್ಳುತ್ತೇನೆ.