ಗುಂಡಿ ಡಬ್ಬಿಯ ಮ್ಯಾಗಜೀನ್

ವೆಂಡೆಲ್,

ಇದನ್ನು ಓದಲು ನೀನಿಲ್ಲ. ಇದ್ದಿದ್ದರೆ ನಾನು ಬರೆಯುತ್ತಲೂ ಇರಲಿಲ್ಲ.

ಅಪ್ಪ ಯುದ್ಧದಿಂದ ತಂದ ಜಪಾನಿ ಪಿಸ್ತೂಲನ್ನು, ಅವನು ಸತ್ತ ಹಾಸಿಗೆ ಮಡಚುವ ಮೊದಲೇ ನೀನು ಹೊತ್ತೊಯ್ದೆ. ಅದರ ಗುಂಡು ತುಂಬುವ ಮ್ಯಾಗಜೀನನ್ನು ನಾನು ಇಟ್ಟುಕೊಂಡೆ. ಎರಡರ ಮೇಲೂ ಒಂದೇ ನಂಬರು. ಜೋಡಿ ತಪ್ಪಿದ ಪಿಸ್ತೂಲು ಒಹಾಯೊದ ಬಂದೂಕು ಸಂತೆಗಳಲ್ಲಿ ತಲೆಯೆತ್ತದು, ಬೆಲೆ ಬಾರದು ಎಂದು ಗೊತ್ತಿದ್ದೇ ಇಟ್ಟುಕೊಂಡೆ.

ನಿನ್ನನ್ನು ಮಣ್ಣು ಮಾಡಿ ವಾರವಾಗಿಲ್ಲ, ಇವತ್ತು ನಿನ್ನ ಸಂತೆಯ ಗೆಳೆಯ ಡೆಲ್ಮರ್ ಆ ಮ್ಯಾಗಜೀನನ್ನು ಕೇಳಿಕೊಂಡು ಬಂದ. ಕಾಫಿ ಕೊಟ್ಟೆ, ಜೊತೆಗೆ ತಿನ್ನಲು ಪೈ ಕೊಡಲಿಲ್ಲ.

"ಬೇರೆ ಮ್ಯಾಗಜೀನ್ ಎಷ್ಟೋ ತಂದ್ಕೊಟ್ಟೆ ಮೇಡಮ್. ವೆಂಡೆಲ್ ಒಂದನ್ನೂ ಹಾಕೋಕೆ ಬಿಡ್ಲಿಲ್ಲ. ಅಕ್ಕನ ಹತ್ರ ಇದೆ, ಬರುತ್ತೆ ಅಂತಿದ್ದ" ಎಂದ.

"ಬರುತ್ತೆ ಅಂತ ಅವನ ಕಿವೀಲಿ ಯಾರು ಊದಿದ್ರು?" ಎಂದೆ.

ಅಂಗಿ ಗುಂಡಿಗಳ ಡಬ್ಬಿಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟೆ. ಅವನು ಬೆರಳಾಡಿಸಿ ನೋಡಿದ.

"ಇಷ್ಟು ವರ್ಷ ಆದ್ರೂ ಒಂದು ಚುಕ್ಕೆ ತುಕ್ಕಿಲ್ಲ. ಯಾರು ಎಣ್ಣೆ ಹಾಕ್ತಿದ್ರು?"

"ಕಾಫಿ ಆರ್ತಿದೆ, ಕುಡಿ."

ಮ್ಯಾಗಜೀನ್ ಕೊಡಲಿಲ್ಲ. ಬೇಕಿದ್ದರೆ ಪಿಸ್ತೂಲನ್ನೇ ಇಲ್ಲಿಗೆ ತರಲಿ ಎಂದು ಹೇಳಿ ಕಳಿಸಿದೆ. ನಿನ್ನ ಮನೆಯಿಂದ ಇಲ್ಲಿಗೆ ಎರಡೇ ಬೀದಿ. ನಿನಗೂ ಅಷ್ಟೇ ದೂರವಿತ್ತು.

ಲುವೆಲ್ಲಾ