ಬಟ್ಟೆ ತಂತಿಗೆ ಆನಿಸಿದ ಕೋಲು

೨ ಅಕ್ಟೋಬರ್ ೧೯೮೯, ಸೋಮವಾರ

ಬಟ್ಟೆ ಒಗೆದು ಹಾಕಿದ್ದಾಯಿತು. ನಿನ್ನೆಯ ಮಾಂಸ ತಣ್ಣಗೇ ತಿಂದೆ, ಉಪ್ಪಿನಕಾಯಿ ಹಚ್ಚಿಕೊಂಡು. ಗಾಳಿ ಜೋರು. ತಂತಿ ಜೋತುಬಿದ್ದು ಹೊದಿಕೆಗಳು ನೆಲ ಗುಡಿಸುತ್ತಿದ್ದವು. ಟ್ರೆವರ್ ನೋಡಿದ, ಶೆಡ್ಡಿಗೆ ಹೋದ. ಮೂರು ವರ್ಷದಿಂದ ಗೋಣಿ ಸುತ್ತಿಟ್ಟಿದ್ದ ತನ್ನ ಪೋಲ್‌ವಾಲ್ಟಿನ ಮುರುಕು ಕೋಲು ತಂದ. ಸಿಬಿರು ನನ್ನ ಕೈಗೆ ಚುಚ್ಚಬಾರದೂಂತ ಮುರಿದ ತುದಿಗೆ ಟೇಪು ಸುತ್ತಿದ. ಇನ್ನೊಂದು ತುದಿಗೆ ತಂತಿ ಒಂದು ಸುತ್ತು ಹಾಕಿ ಎತ್ತಿ ನಿಲ್ಲಿಸಿದ.

"ತಗೋ ಅಜ್ಜಿ. ಹದಿನೇಳೂವರೆ ಅಡಿ ಹಾರಿಸಿದ ಕೋಲು. ಇನ್ನು ನಿನ್ನ ಲಂಗ ಹಾರಿಸಲಿ."

ನನ್ನ ಲಂಗಕ್ಕೆ ನಿನ್ನಷ್ಟು ತರಬೇತಿ ಬೇಕಿಲ್ಲ ಅಂದೆ. ನಕ್ಕ. ಎಷ್ಟು ದಿನದ ಮೇಲೆ...

ಮಗಳು ಸತ್ತಮೇಲೆ ನಾನೇ ಸಾಕಿದ ಮೊಮ್ಮಗ. ಹನ್ನೊಂದು ವರ್ಷಕ್ಕೆ ನನ್ನ ಬಟ್ಟೆಕೋಲು ಕದ್ದು ಹಳ್ಳ ಹಾರಿದ್ದ. ಕೋಲು ಮುರೀತು, ಬೆನ್ನಿಗೆ ಎರಡು ಬಿಟ್ಟೆ. ಅಲ್ಲಿಂದ ಶುರು. ದೇಶದ ಅಂಗಿ ತೊಟ್ಟು ಹಾರಿದ. ಈಗ ಇಪ್ಪತ್ತೊಂಬತ್ತಕ್ಕೇ ನಿವೃತ್ತ. ಕಲ್ಲುಗಣಿ ಆಫೀಸಿನಲ್ಲಿ ಲಾರಿ ನಂಬರ್ ಬರೀತಾನೆ.

೫, ಗುರುವಾರ

ಸಗ್ಡನ್ ಮೇಷ್ಟ್ರು ಬಂದಿದ್ದರು. ಟ್ರೆವರ್ ಇಲ್ಲದ ಹೊತ್ತು ನೋಡಿಕೊಂಡೇ. ಹದಿಮೂರು ವರ್ಷ ಇವನಿಗೆ ಹಾರೋದು ಕಲಿಸಿದವರು. ಆಯ್ಕೆ ಪಂದ್ಯದಲ್ಲಿ ಕೋಲು ಎರಡಾಗಿ ಇವನು ಬಿದ್ದು ಮೊಣಕಾಲು ಕಳಕೊಂಡ ಮೇಲೆ ಇಬ್ಬರಿಗೂ ಮಾತಿಲ್ಲ. ಕೋಲು ಮೇಷ್ಟ್ರ ಕಾರಿನ ಮೇಲೆ ಕಟ್ಟಿ ಒಯ್ದದ್ದು. ಕಟ್ಟುವಾಗ ಏನೋ ಎಡವಟ್ಟು ಅಂತಷ್ಟೇ ನನಗೆ ಗೊತ್ತಿದ್ದದ್ದು.

ವಯಸ್ಸಾಯ್ತು, ಕ್ಲಬ್ಬು ಬಿಡ್ತಾರಂತೆ. ಆ ಜಾಗಕ್ಕೆ ಟ್ರೆವರೇ ಬರಬೇಕಂತೆ. ಈ ತಿಂಗಳ ಇಪ್ಪತ್ತೊಂದರೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಬೇರೆಯವರು.

ಹಿತ್ತಿಲಿಗೆ ಬಂದು ಕೋಲು ಗುರುತಿಸಿದರು. ಟೇಪು ಸರಿಸಿ ತೋರಿಸಿದರು. ಮುರಿದ ಅಂಚಿನಲ್ಲಿ ಓರೆಯಾಗಿ ಒಂದು ಗೆರೆ, ಕೂದಲಷ್ಟು.

"ಇಷ್ಟೇ ಸಾಕು, ಮಿಸೆಸ್ ಆರ್ಮಿಟೇಜ್. ಗಾಜಿನ ನಾರಿನ ಕೋಲಲ್ವಾ, ಬಾಗಿದಾಗ ಇಲ್ಲಿಂದಲೇ ಬಿಡುತ್ತೆ. ನನ್ನ ಕಾರಿನ ಮೇಲಿನ ಕಂಬಿ ಮಾಡಿದ ಕೆಲಸ."

ಇನ್ನೊಂದು ಕಪ್ ಚಹಾ ಕೊಡಲಾ ಅಂದೆ.

೬, ಶುಕ್ರವಾರ

ಬರೆದರೆ ಹಗುರಾಗುತ್ತಾ ನೋಡೋಣ.

ಆ ಪಂದ್ಯದ ಹಿಂದಿನ ಸೋಮವಾರ ನನ್ನ ಬಟ್ಟೆಕೋಲು ಮುರಿದಿತ್ತು. ಗೋಡೆಗೆ ಟ್ರೆವರನ ಕೋಲು ಒರಗಿತ್ತು. ಅದಕ್ಕೇ ತಂತಿ ಸುತ್ತಿ ಓರೆಯಾಗಿ ನಿಲ್ಲಿಸಿದೆ. ದಿನವಿಡೀ ಗಾಳಿ. ಸಂಜೆ ನೋಡಿದರೆ ತಂತಿ ತಿಕ್ಕಿದ ಜಾಗದಲ್ಲಿ ಗೆರೆ, ನಿನ್ನೆ ಮೇಷ್ಟ್ರು ತೋರಿಸಿದಂಥದ್ದೇ. ಬೈತಾನೆ ಅಂತ ಮೇಜಿಗೆ ಹಚ್ಚುವ ಮೇಣ ಹಚ್ಚಿ ತಿಕ್ಕಿದೆ. ಗೆರೆ ಕಾಣದಾಯಿತು. ಅಜ್ಜಿ ನನ್ನ ಕೋಲಿಗೂ ಸ್ನಾನ ಮಾಡಿಸಿದಾಳೆ ಅಂತ ಕೆನ್ನೆಗೆ ಮುತ್ತಿಟ್ಟು ಹೋದ.

ಹಗುರಾಗಲಿಲ್ಲ.

೧೬, ಸೋಮವಾರ

ಟ್ರೆವರನಿಗೆ ಇನ್ನೂ ಹೇಳಿಲ್ಲ. ಹೋದ ಸೋಮವಾರವೂ ಬಟ್ಟೆ ಒಗೆದೆ, ಅಷ್ಟೇ.

ಇವತ್ತು ತಿಂಡಿ ಹೊತ್ತಿಗೆ ಧೈರ್ಯ ಮಾಡಿ ಮೇಷ್ಟ್ರ ಮಾತು ಎತ್ತಿದೆ. ಮುದುಕರು, ಬಿಟ್ಟುಬಿಡಪ್ಪಾ ಅಂದೆ. ಟ್ರೆವರ್ ಚಾಕು ಕೆಳಗಿಟ್ಟ.

"ಗೀರು ಬಿದ್ದದ್ದಕ್ಕಲ್ಲ ಅಜ್ಜಿ. ಅದು ಯಾರಿಗಾದರೂ ಆಗುತ್ತೆ. ಗೀರು ಕಂಡೂ ಬಾಯಿ ಬಿಡದೆ ನನ್ನನ್ನ ಓಡಿ ಹಾರೋಕೆ ಬಿಟ್ಟರಲ್ಲ... ಅದಕ್ಕೆ."

ಅವರಿಗೆ ಕಂಡಿರಲಿಲ್ಲವೇನೋ ಅಂದೆ.

"ಯಾರಿಗಾದರೂ ಕಂಡಿರಲೇಬೇಕು."

ತಟ್ಟೆ ಎತ್ತಿಕೊಂಡು ತೊಳೆಯೋಕೆ ಹೋದೆ.

೨೧, ಶನಿವಾರ

ಮೇಷ್ಟ್ರು ಕ್ಲಬ್ಬಿನ ಬೀಗದ ಕೈ ಹಿಡಿದು ಗೇಟಿನಾಚೆ ನಿಂತಿದ್ದರು, ಮಳೇಲಿ. ಟ್ರೆವರ್ ರೇಡಿಯೋ ದೊಡ್ಡದು ಮಾಡಿದ. ನಾನು ಪರದೆ ಹಿಂದೆ. ಕಾಲು ಗಂಟೆ ನಿಂತು ಹೋದರು.

ಊರೆಲ್ಲ ನನ್ನ ನಾಲಿಗೆಗೆ ಹೆದರುತ್ತೆ. ಎಲ್ಲಿ ಸತ್ತಿತ್ತೋ ಇವತ್ತು.

೨೩, ಸೋಮವಾರ, ಬೆಳಿಗ್ಗೆ ಹನ್ನೊಂದು

ಟ್ರೆವರ್ ರಜೆ ಹಾಕಿದಾನೆ, ಮೊಣಕಾಲು ಊದಿದೆ. ಮೋಡ ಕವಿದಿದೆ, ಬಟ್ಟೆ ನಾನೇ ತೆಗೀತೀನಿ ಅಂತ ಹೊರಗೆ ಹೋದ. ಕಿಟಕಿಯಿಂದ ಕಾಣ್ತಾನೆ.

ಕೋಲು ಇಳಿಸಿದ. ತಂತಿ ಸುತ್ತಿದ್ದ ಜಾಗ ನೋಡ್ತಾ ನಿಂತಿದಾನೆ. ಹೆಬ್ಬೆರಳಲ್ಲಿ ಸವರಿದ. ಅಲ್ಲಿ ಈ ಸೋಮವಾರಗಳ ಗೆರೆ ಬಿದ್ದಿದೆ, ನನಗೆ ಗೊತ್ತು — ಓರೆಯಾಗಿ, ಕೂದಲಷ್ಟು.

ಈಗ ಕೋಲು ತಿರುಗಿಸಿದ. ಮುರಿದ ತುದಿಯ ಟೇಪು ಬಿಚ್ಚುತ್ತಿದಾನೆ.

ಎರಡು ತುದಿಯನ್ನೂ ನೋಡಿದ. ತಂತಿ ನೋಡಿದ. ಹೊದಿಕೆ ಕೆಸರಿಗೆ ಬಿತ್ತು, ಎತ್ತಲಿಲ್ಲ. ಈ ಕಡೆ ತಿರುಗಿದ.

ಮೇಣದ ಡಬ್ಬಿ ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಕುಂಟುತ್ತಾ ಬರ್ತಿದಾನೆ. ಅವನು ಕೇಳೋ ಮೊದಲು ನಾನೇ ಹೇಳ—