ಕ್ಯಾಮೆರಾಗೆ ಇಟ್ಟ ಕುಂಕುಮ, ವಹಾಬನಿಗೆ ಬಂದ ನೋಟಿಸು

ನಮ್ಮ ಲಾರಿ ಕಂಪನಿಯ ಸುರಕ್ಷತಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ಆಯುಧ ಪೂಜೆಯ ದಿನ ಹನ್ನೆರಡು ಲಾರಿಗಳ ಕ್ಯಾಮೆರಾಗೂ ಒಂದೇ ಬಟ್ಟಲಿನಿಂದ, ಒಂದೇ ಬೆರಳಿನಿಂದ ಕುಂಕುಮ ಬಿತ್ತು. ಹನ್ನೊಂದು ಜನಕ್ಕೆ ನಿಮ್ಮ ಕಂಟ್ರೋಲ್ ರೂಮಿನಿಂದ "ಒರೆಸಿಬಿಡಿ" ಎಂದು ಫೋನು ಬಂತು. ಒಬ್ಬನಿಗೆ ಮಾತ್ರ "ಸುರಕ್ಷತಾ ಸಾಧನವನ್ನು ಉದ್ದೇಶಪೂರ್ವಕವಾಗಿ ಕೆಡಿಸಿದ ಆರೋಪ" ಎಂಬ ನೋಟಿಸು ಬಂತು. ಆ ಒಬ್ಬ ರಾಮನಗರದ ವಹಾಬ್. ಅವನ ಗಾಡಿ ಕಿತ್ತುಕೊಂಡು ಮನೆಗೆ ಕಳಿಸಿದ್ದೀರಿ. ಬರುವ ಸೋಮವಾರ ವಿಚಾರಣೆಯಂತೆ. ಆರೋಪ ನಿಂತರೆ ಈ ಕೆಲಸ ಹೋಗುವುದಷ್ಟೇ ಅಲ್ಲ, ಕ್ಯಾಮೆರಾ ಕೆಡಿಸಿದವನು ಎಂದು ಹೆಸರು ಬಿದ್ದವನನ್ನು ಇನ್ನು ಯಾವ ಕಂಪನಿಯೂ ಗೇಟಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಹನ್ನೆರಡರಲ್ಲಿ ಅವನೊಬ್ಬನೇ ಯಾಕೆ? ಆಫೀಸಿಗೆ ಹೋಗಿ ಕೇಳಿದೆ. "ಪಾಲಿಸಿ" ಅಂದರು. ಆ ಪಾಲಿಸಿ ಎಂಬಾತ ಎಲ್ಲಿ ಕೂರುತ್ತಾನೆ ಎಂದು ತಿಳಿಯದೆ, ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

"ಈ ಡ್ರೈವರುಗಳಿಗೆ ಕ್ಯಾಮೆರಾ ಅಂದರೇ ಆಗದು" ಎಂದು ನೀವು ಕೈ ತೊಳೆದುಕೊಳ್ಳಬಾರದು, ಅದಕ್ಕೆ ಮೊದಲೇ ಒಂದು ಮಾತು. ನಾನು ಬೈರಮಂಗಲದವನು. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ನಮ್ಮ ಯಾರ್ಡಿನಿಂದ ಲಾರಿ ಓಡಿಸುತ್ತೇನೆ. ಗಾಜಿನಾಚೆ ರಸ್ತೆ ನೋಡುವ ಕ್ಯಾಮೆರಾದ ಬಗ್ಗೆ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ಕನಕಪುರದ ರಸ್ತೆಯಲ್ಲಿ ರಾಂಗ್ ಸೈಡಿನಿಂದ ಬಂದ ಬೈಕೊಂದು ನಮ್ಮ ಬಾಲರಾಜುವಿನ ಲಾರಿಗೆ ಗುದ್ದಿದಾಗ ಜನ ಅವನನ್ನೇ ಕೆಳಗೆಳೆದು ಬಾರಿಸಲು ಹೊರಟಿದ್ದರು. ಆ ಕ್ಯಾಮೆರಾದ ವಿಡಿಯೋ ನೋಡಿದ ಮೇಲೆ ಪೊಲೀಸರು ಅವನನ್ನು ಬಿಟ್ಟರು. ಅವತ್ತಿನಿಂದ ಬಾಲರಾಜು ಅದನ್ನು ಅಣ್ಣ ಎಂದೇ ಕರೆಯುತ್ತಾನೆ. "ಅಣ್ಣ ನೋಡ್ತಾವ್ನೆ, ಒಸಿ ನಿಧಾನಕ್ಕೆ ನಡೀರ್ಲಾ" ಅನ್ನುತ್ತಾನೆ. ಆ ವಿಡಿಯೋವನ್ನು ಪೊಲೀಸರು ಕೇಳುವ ಮೊದಲೇ ಕಳಿಸಿಕೊಟ್ಟವರು ನೀವು. ಕಂಪನಿಯ ಲಾರಿ ಠಾಣೆಯಲ್ಲಿ ನಿಂತುಬಿಡುತ್ತದಲ್ಲ, ಅದಕ್ಕೆ. ಆ ವೇಗವನ್ನು ನಾನು ಮೆಚ್ಚಿಕೊಂಡಿದ್ದೇನೆ.

ನಮ್ಮ ಸಂಕಟವೆಲ್ಲ ಒಳಗಡೆ, ನಮ್ಮ ಮುಖಕ್ಕೇ ತಿರುಗಿಸಿ ಕೂರಿಸಿದ ಇನ್ನೊಂದರದು. ನಮ್ಮ ಕೃಷ್ಣಪ್ಪನ ಕಣ್ಣು ಹುಟ್ಟಿದಾಗಿನಿಂದ ಸಣ್ಣವು, ನಕ್ಕರೆ ಕಾಣಿಸುವುದೇ ಇಲ್ಲ. ಇವನು ನಿದ್ದೆ ಹೋಗಿದ್ದಾನೆ ಎಂದು ಕ್ಯಾಮೆರಾ ತೀರ್ಮಾನಿಸಿಬಿಟ್ಟಿದೆ. ರಾಮನಗರ ಬಿಟ್ಟರೆ ಮಾಗಡಿ ಮುಟ್ಟುವವರೆಗೂ ಹೆಣ್ಣುದನಿಯಲ್ಲಿ, ಹಿಂದಿಯಲ್ಲಿ, ಅವನನ್ನು ಎಬ್ಬಿಸುತ್ತಲೇ ಇರುತ್ತದೆ. "ನನ್ನ ಹೆಂಡ್ರೂ ಇಷ್ಟು ಬೈದಿಲ್ಲ ಕಣ್ಲಾ" ಎಂದು ಮೊದಮೊದಲು ನಗುತ್ತಿದ್ದ. ತಿಂಗಳ ಮೀಟಿಂಗಿನಲ್ಲಿ ಅವನ ಮುಖವನ್ನು ದೊಡ್ಡ ಟಿವಿಯಲ್ಲಿ ಹಾಕಿ, ಎಲ್ಲರ ಎದುರು "ತೂಕಡಿಕೆ" ಎಂದು ತೋರಿಸಿದಿರಿ. ಅಲ್ಲಿಗೆ ನಗು ನಿಂತಿತು. ಈಗ ಕಣ್ಣು ಅರಳಿಸಿಕೊಂಡೇ ಗಾಡಿ ಓಡಿಸುತ್ತಾನೆ, ಎದುರು ಬರುವವರು ಹೆದರಿ ಪಕ್ಕಕ್ಕೆ ಸರಿಯುತ್ತಾರೆ. ಇತ್ತ ಯಾರ್ಡ್ ಮ್ಯಾನೇಜರ ಬಾಮೈದ ದೀಪು, ಅವನೂ ನಮ್ಮಂತೆ ಡ್ರೈವರೇ, ಮಧ್ಯಾಹ್ನ ಉಂಡ ಮೇಲೆ ತನ್ನ ಬನಿಯನ್ನನ್ನು ಕ್ಯಾಮೆರಾ ಮೇಲೆ ನೇತುಹಾಕಿ ಗೊರಕೆ ಹೊಡೆಯುತ್ತಾನೆ. ಯಾರ್ಡಿನ ನಾಯಿಗೂ ಇದು ಗೊತ್ತು. ಅವನಿಗೆ ಯಾವ ನೋಟಿಸು ಹೋಗಿದೆ? ಒಂದು ಬೊಟ್ಟು ಕುಂಕುಮಕ್ಕೆ ಕೆಡುವ ಕ್ಯಾಮೆರಾ ಮ್ಯಾನೇಜರ ಬಾಮೈದನ ಬನಿಯನ್ನಿಗೆ ಕೆಡುವುದಿಲ್ಲವಲ್ಲ, ಅದು ಯಾವ ಬಟ್ಟೆ ಸ್ವಾಮೀ? ನಮಗೂ ಒಂದು ಡಜನ್ ತರಿಸಿಕೊಡಿ.

ವಹಾಬ್ ಮಾಡಿದ ತಪ್ಪೇನು ಎಂದು ತಲೆ ಕೆರೆದುಕೊಂಡರೆ ನನಗೆ ಸಿಗುವುದು ಒಂದೇ. ಕ್ಯಾಮೆರಾ ಕೂರಿಸಿದ ವಾರ ನೀವು ಬೆಂಗಳೂರಿನಿಂದ ಬಂದು ಸಭೆ ಮಾಡಿದಿರಿ. ಬಿಸ್ಕತ್ತು ಕೊಟ್ಟಿರಿ, ನಾವೆಲ್ಲ ಒಂದೇ ಕುಟುಂಬ ಎಂದಿರಿ, ಏನಾದರೂ ಕೇಳುವುದಿದೆಯೇ ಎಂದಿರಿ. ನಾವು ಬಿಸ್ಕತ್ತು ತಿನ್ನುತ್ತಿದ್ದೆವು. ವಹಾಬ್ ಎದ್ದು ನಿಂತ.

"ಸಾರ್, ನಾವು ಗಾಡೀಲೇ ಮಲಗ್ತೀವಿ, ಗಾಡೀಲೇ ಬಟ್ಟೆ ಬದಲಾಯಿಸ್ತೀವಿ. ಮನೆಯವಳ ಜೊತೆ ಫೋನಲ್ಲಿ ನೂರೆಂಟು ಮಾತಾಡ್ತೀವಿ. ಎಂಜಿನ್ ಆಫ್ ಮಾಡುದ್ಮೇಲೂ ಇದು ನಮ್ಮನ್ನ ನೋಡ್ತಾ ಇರ್ತದಾ? ಅದೊಂದು ಹೇಳ್ಬುಡಿ" ಅಂದ.

"ಕೀ ತೆಗೆದರೆ ಕ್ಯಾಮೆರಾನೂ ಮಲಗುತ್ತೆ. ನೀವೂ ಆರಾಮಾಗಿ ಮಲಗಿ" ಎಂದಿರಿ. ಎಲ್ಲರೂ ನಕ್ಕೆವು. ವಹಾಬ್ ನಗಲಿಲ್ಲ. "ಅದುನ್ನ ಒಂದು ಕಾಗದದಲ್ಲಿ ಬರ್ದು ಕೊಡ್ತೀರಾ ಸಾರ್?" ಅಂದ. ಆಗ ನಿಮ್ಮ ಮುಖ ಗಂಟಿಕ್ಕಿದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕಾಗದ ಇವತ್ತಿಗೂ ಬಂದಿಲ್ಲ.

ನಿಮಗೆ ಅದು ಕ್ಯಾಬಿನ್ನು. ವಾರದಲ್ಲಿ ನಾಲ್ಕು ದಿನ ನಮಗೆ ಅದೇ ಮನೆ. ಲುಂಗಿ ಕಟ್ಟುವುದು ಅಲ್ಲಿ, ಬುತ್ತಿ ಬಿಚ್ಚುವುದು ಅಲ್ಲಿ, ಹೆಂಡತಿಯ ಹತ್ತಿರ ಜಗಳ, ರಾಜಿ ಎಲ್ಲ ಅಲ್ಲೇ. ನಮ್ಮಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನು ಗಾಡಿ ಪಕ್ಕಕ್ಕೆ ಹಾಕಿ ಬಿಕ್ಕಿ ಬಿಕ್ಕಿ ಅತ್ತದ್ದೂ ಆ ಸೀಟಿನಲ್ಲೇ. ಆಗ ಈ ಕ್ಯಾಮೆರಾ ಇರಲಿಲ್ಲ, ಪುಣ್ಯ. ಇದ್ದಿದ್ದರೆ ಆ ಅಳುವನ್ನೂ ಯಾರೋ ಗುರುತಿಲ್ಲದವರು ಕಾಫಿ ಕುಡಿಯುತ್ತಾ ನೋಡುತ್ತಿದ್ದರು ಎಂದು ನೆನೆದರೆ ಮೈ ಉರಿಯುತ್ತದೆ, ನಾಚಿಕೆಯೂ ಆಗುತ್ತದೆ.

ಇನ್ನು ಆ ಕುಂಕುಮ. ಇಟ್ಟವರು ನಮ್ಮ ಯಾರ್ಡು ಗುಡಿಸುವ ಕೆಂಚಮ್ಮ. ಹೆಸರು ಬರೆ ಎಂದು ಅವರೇ ಹೇಳಿದ್ದಾರೆ, ಯಾಕೆಂದು ಮುಂದೆ ಬರೆದಿದ್ದೇನೆ. ಆಯುಧ ಪೂಜೆಯ ದಿನ ಲಾರಿಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಎಲ್ಲ ಕೀಗಳನ್ನೂ ಒಂದು ತಟ್ಟೆಯಲ್ಲಿ ಹಾಕಿ ಆಫೀಸಿನ ದೇವರ ಪಟದ ಮುಂದೆ ಇಡುವುದು ನಮ್ಮ ಪದ್ಧತಿ. ಮರುದಿನ ಬೆಳಗಾಗುವವರೆಗೆ ಯಾರೂ ಕೀ ಮುಟ್ಟುವುದಿಲ್ಲ. ಕೀ ತಟ್ಟೆಗೆ ಬಿದ್ದ ಕೂಡಲೇ ಕೆಂಚಮ್ಮ ಒಂದೊಂದೇ ಗಾಡಿ ಹತ್ತಿ ಸ್ಟೇರಿಂಗಿಗೆ, ಗೇರಿಗೆ, ಕನ್ನಡಿಗೆ ಬೊಟ್ಟು ಇಡುತ್ತಾ ಬರುತ್ತಾರೆ. ಈ ಸಲ ಕಣ್ಣಿಗೆ ಹೊಸದೊಂದು ಬಿತ್ತು.

"ಇದ್ಯಾವ್ದೋ ಹೊಸಾದು ಬಂದೈತಲ್ಲ, ಇದ್ನ ಯಾಕೆ ಬುಡಾನ? ಇದೂ ಗಾಡಿ ಕಣ್ಣೇ ಅಲ್ವೇನಪ್ಪ" ಎಂದವರೇ ಆ ಒಳಗಿನ ಕ್ಯಾಮೆರಾದ ನಟ್ಟನಡುವೆ, ಅದು ನೋಡುವ ಜಾಗಕ್ಕೇ ಸರಿಯಾಗಿ ಇಟ್ಟರು. ಹನ್ನೆರಡಕ್ಕೂ ಇಟ್ಟರು. ನಿಮ್ಮ ಕಂಟ್ರೋಲ್ ರೂಮಿನ ಟಿವಿಗಳೆಲ್ಲ ಕೆಂಪಾದವಂತೆ. ಹಬ್ಬದ ದಿನ ಹೊಸ ಸಾಮಾನಿಗೆ ಬೊಟ್ಟು ಇಡದೆ ಬಿಡುವುದು ಅವರ ಕೈಲಾಗದ ಕೆಲಸ. ಆಫೀಸಿನ ಕಂಪ್ಯೂಟರಿಗೂ ಇಟ್ಟರು, ಮ್ಯಾನೇಜರ ಕಾರಿಗೂ ಇಟ್ಟರು. ಕಂಪ್ಯೂಟರು ದೂರು ಕೊಡಲಿಲ್ಲ. ಅಷ್ಟು ಹೊತ್ತೂ ವಹಾಬ್ ಗೇಟಿನ ಬಳಿ ನಿಂತು ಬಂದವರಿಗೆ ಕಡ್ಲೆಪುರಿ ಹಂಚುತ್ತಿದ್ದ, ಪ್ರತಿ ವರ್ಷವೂ ಅದು ಅವನ ಪಾಲಿನ ಕೆಲಸ.

ಈಗ ನಿಮ್ಮ ನೋಟಿಸನ್ನೇ ಓದೋಣ. ಪೂಜೆಯ ಬೆಳಿಗ್ಗೆ ಕ್ಯಾಬಿನ್ನಿನೊಳಗೆ "ಕೈಯೊಂದು ಕ್ಯಾಮೆರಾದತ್ತ ಬಂದು ಅದನ್ನು ಮುಚ್ಚಿದ್ದು ದಾಖಲಾಗಿದೆ" ಎಂದು ಬರೆದಿದ್ದೀರಿ. ಒಳ್ಳೆಯದು. ಆ ಹೊತ್ತಿಗೆ ವಹಾಬನ ಗಾಡಿಯ ಕೀ ದೇವರ ಮುಂದಿನ ತಟ್ಟೆಯಲ್ಲಿತ್ತು. ಕೀ ತೆಗೆದರೆ ಕ್ಯಾಮೆರಾ ಮಲಗುತ್ತದೆ ಎಂದವರು ನೀವು. ಮಲಗಿದ್ದ ಕ್ಯಾಮೆರಾ ಕೈಯನ್ನು ಹೇಗೆ ನೋಡಿತು? ಎದ್ದೇ ಇತ್ತು ಅನ್ನುವುದಾದರೆ, ಇಷ್ಟು ದಿನ ನಾವು ಬಟ್ಟೆ ಬದಲಾಯಿಸಿದ್ದನ್ನು, ಮಲಗಿದ್ದನ್ನು, ಮನೆಯವರ ಜೊತೆ ಮಾತಾಡಿದ್ದನ್ನು ಯಾರು ನೋಡುತ್ತಾ ಕೂತಿದ್ದರು? ವಹಾಬ್ ಅವತ್ತು ಕೇಳಿದ್ದೂ ಇದನ್ನೇ ಅಲ್ಲವೇ?

ಆ ವಿಡಿಯೋ ತೋರಿಸಿ ಎಂದು ವಹಾಬ್ ಬರೆದುಕೊಟ್ಟ. ತೋರಿಸಲು ಪಾಲಿಸಿ ಒಪ್ಪುವುದಿಲ್ಲವಂತೆ. ಕೃಷ್ಣಪ್ಪನ ಸಣ್ಣ ಕಣ್ಣನ್ನು ಎಲ್ಲರೆದುರು ತೋರಿಸಲು ಒಪ್ಪಿದ, ಬಾಲರಾಜುವಿನ ವಿಡಿಯೋವನ್ನು ಪೊಲೀಸರಿಗೆ ಓಡೋಡಿ ಕಳಿಸಿದ ಪಾಲಿಸಿ ವಹಾಬನ ಸರದಿ ಬಂದಾಗ ಮುಖ ತಿರುಗಿಸುವುದು ಯಾಕೆ?

ಹೋದ ಭಾನುವಾರ ರಾಮನಗರದ ಅವನ ಮನೆಗೆ ಹೋಗಿದ್ದೆ. ಅವನ ಹೆಂಡತಿ ಜಹೀದಾ ಚಹಾ ತಂದಿಟ್ಟವಳೇ ಅತ್ತುಬಿಟ್ಟಳು. "ಅಣ್ಣ, ನೀವಾದ್ರೂ ಕೇಳಿ ಇವ್ರನ್ನ. ಯಾರು ಇಟ್ಟಿದ್ದು ಅಂತ ಗೊತ್ತಿದ್ರೂ ಬಾಯಿ ಬಿಡ್ತಿಲ್ಲ. ಊಟ ಸೇರಲ್ಲ, ಮಾತಿಲ್ಲ. ಹಿಂಗೇ ಕೂತಿದ್ರೆ ನಂಗೆ ಭಯ ಆಯ್ತದೆ" ಎಂದಳು.

ವಹಾಬ್ ತಲೆ ಎತ್ತಲಿಲ್ಲ. "ಕೆಂಚಮ್ಮೋರು ಕಂಟ್ರಾಕ್ಟ್ ಮೇಲೆ ಇರೋರು ಕಣೋ ಯೋಗಾ. ನಂಗೆ ನೋಟಿಸು, ವಿಚಾರಣೆ ಅಂತಾದ್ರೂ ಐತೆ. ಅವ್ರಿಗೆ ನಾಳೆಯಿಂದ ಬರ್ಬೇಡ ಅಂದ್ರೆ ಮುಗೀತು. ಅವ್ರ ಹೆಸ್ರು ನನ್ನ ಬಾಯಲ್ಲಿ ಬರಲ್ಲ. ನೀವೂ ಹೇಳ್ಬೇಡಿ" ಅಂದ. ನಿಮ್ಮ ನೋಟಿಸಿಗೆ ಅವನು "ನಾನು ಮಾಡಿಲ್ಲ" ಎಂದಷ್ಟೇ ಉತ್ತರ ಬರೆದು ಸುಮ್ಮನಾದದ್ದು ಈ ಕಾರಣಕ್ಕೆ. ಅದನ್ನು ನೀವು "ಅಸಹಕಾರ" ಎಂದು ಇನ್ನೊಂದು ಕಾಗದದಲ್ಲಿ ಬರೆದಿದ್ದೀರಿ.

ಮಾತು ಎಷ್ಟು ದಿನ ಮುಚ್ಚಿಟ್ಟರೂ ಯಾರ್ಡು ಸಣ್ಣದು. ಬುಧವಾರ ಕೆಂಚಮ್ಮ ಕಸಪೊರಕೆ ಹಿಡಿದುಕೊಂಡೇ ನನ್ನ ಗಾಡಿಗೆ ಅಡ್ಡ ನಿಂತರು.

"ಏನ್ಲಾ ಯೋಗಾನಂದ, ನನ್ನ ದೆಸೆಯಿಂದ ಆ ಪುಣ್ಯಾತ್ಮ ಮನೇಲಿ ಕೂತವ್ನಂತೆ. ನೀವೆಲ್ಲ ಬಾಯಿಗೆ ಬೀಗ ಹಾಕ್ಕಂಡಿದ್ದೀರಾ? ನಾನೇನು ಕಳ್ತನ ಮಾಡಿದ್ನಾ? ಆಪೀಸ್‌ಗೆ ಓಗಿ ನಾನೇ ಇಕ್ಕಿದ್ದು ಅಂದ್ರೆ, ನಿಂಗೇನು ಗೊತ್ತಾಯ್ತದೆ ಓಗಮ್ಮ ಅಂತಾರೆ. ನೀನು ಓದ್ದೋನಲ್ವಾ, ಬರಿ. ಕೆಂಚಮ್ಮನೇ ಇಕ್ಕಿದ್ದು ಅಂತ ಬರಿ."

"ನಿಮ್ಮ ಕೆಲ್ಸ ಹೋದ್ರೆ ಏನ್ ಮಾಡ್ತೀರಮ್ಮ?" ಅಂದೆ.

"ಓದ್ರೆ ಓಗ್ಲಿ. ಅವನ್ನ ಮನೇಲಿ ಕೂರ್ಸಿ ನಾನು ಉಣ್ಣಕ್ಕಾಯ್ತದಾ? ಗಂಟ್ಲಲ್ಲಿ ಇಳೀತದಾ ಅನ್ನ?"

ಮಾನ್ಯರೇ, ಒಬ್ಬರನ್ನೊಬ್ಬರು ಉಳಿಸಲು ಇಬ್ಬರೂ ಕೆಲಸ ಕಳೆದುಕೊಳ್ಳಲು ತಯಾರಾಗಿ ನಿಂತಿದ್ದಾರೆ. ಒಂದೇ ಕುಟುಂಬ ಎಂದ ನೀವು ಸೋಮವಾರ ಮಾಡಬೇಕಾದದ್ದು ಇಷ್ಟೇ. ಕೃಷ್ಣಪ್ಪನ ಮುಖ ತೋರಿಸಿದ ಅದೇ ಟಿವಿಯಲ್ಲಿ, ಅದೇ ರೀತಿ ಎಲ್ಲರನ್ನೂ ಕೂರಿಸಿ, ವಹಾಬನ ಗಾಡಿಯ ಆ ವಿಡಿಯೋ ಹಾಕಿ. ಬರುವ ಕೈಯಲ್ಲಿ ಕೆಂಚಮ್ಮನವರ ಹಸಿರು ಗಾಜಿನ ಬಳೆಗಳು ಇದ್ದೇ ಇರುತ್ತವೆ. ವಹಾಬ್ ಬಳೆ ತೊಡುವುದಿಲ್ಲ ಎಂದು ನಾನು ಬರೆದುಕೊಡಬಲ್ಲೆ. ನೋಡಿದ ಮೇಲೆ ನೋಟಿಸನ್ನು ಲಿಖಿತವಾಗಿ ಹಿಂತೆಗೆದುಕೊಂಡು ಅವನ ಗಾಡಿ ಅವನಿಗೆ ಕೊಡಿ. ಕೆಂಚಮ್ಮನವರ ಕೆಲಸಕ್ಕೆ ಕೈ ಹಾಕಬೇಡಿ. ಬೊಟ್ಟು ಬಿದ್ದದ್ದೇ ಅಪರಾಧ ಎನ್ನುವುದಾದರೆ ನಮ್ಮ ಹನ್ನೊಂದು ಜನಕ್ಕೂ ಅದೇ ನೋಟಿಸು ಕೊಡಿ, ತೆಗೆದುಕೊಳ್ಳಲು ಸಾಲಾಗಿ ನಿಲ್ಲುತ್ತೇವೆ. ದೀಪು ಬರುತ್ತಾನೋ ಇಲ್ಲವೋ, ಅದನ್ನು ಅವನ ಭಾವನನ್ನೇ ಕೇಳಿ.

ವಿಡಿಯೋ ತೋರಿಸಿದರೆ ಕ್ಯಾಮೆರಾ ಮಲಗುವುದಿಲ್ಲ ಎಂದು ಒಪ್ಪಿಕೊಂಡಂತೆ. ತೋರಿಸದಿದ್ದರೆ ವಹಾಬನ ಮೇಲೆ ನಿಮ್ಮ ಬಳಿ ಸಾಕ್ಷಿಯೇ ಇಲ್ಲದಂತೆ. ಸಭೆಯಲ್ಲಿ ನೀವು ಹೇಳಿದ್ದು ಸುಳ್ಳೋ, ನೋಟಿಸಿನಲ್ಲಿ ಬರೆದದ್ದು ಸುಳ್ಳೋ, ಸೋಮವಾರ ವಹಾಬನ ಮುಖ ನೋಡಿಕೊಂಡು ನೀವೇ ಹೇಳಿ.

ಇಂತಿ,
ನಾಳೆಯಿಂದ ನಿಮ್ಮ ಕಂಟ್ರೋಲ್ ರೂಮು ತನ್ನ ಮುಖವನ್ನು ಇನ್ನಷ್ಟು ಅಕ್ಕರೆಯಿಂದ ನೋಡಲಿದೆ ಎಂದು ಬಲ್ಲ,
ಯೋಗಾನಂದ
ಲಾರಿ ಚಾಲಕ, ಬೈರಮಂಗಲ